ರಂಗ ನಿರ್ವಾಹಕರಿಗೆ ಸಂಭಾವನೆ ಏಕೆ?



ಸಂಘದ ವತಿಯಿಂದ ಈ ಸಲ ಒಂದು ಪ್ರಾಯೋಗಿಕ ನಾಟಕ ಆಡಿಸಬೇಕೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿರುವುದು ತಮಗೆಲ್ಲ ತಿಳಿದಿದೆ. ಅದರ ಖರ್ಚಿನ ಅಂದಾಜು ಪಟ್ಟಿಯಲ್ಲಿ ‘ರಂಗ ನಿರ್ವಾಹಕರ ಸಂಭಾವನೆ’ ಎಂಬ ಬಾಬ್ತು ನೋಡಿ ಹಲವರು ಪ್ರಶ್ನೆ ಎತ್ತಿದ್ದಾರೆ. ನಟರಿಗೆ ಒಂದು ಪೈಸೆ ಇಲ್ಲ, ನಿರ್ದೇಶಕರು ಬಸ್ ಚಾರ್ಜು ಮಾತ್ರ ತೆಗೆದುಕೊಳ್ಳುತ್ತಾರೆ, ಹಾಗಿರುವಾಗ ಸ್ಟೇಜಿನ ಮೇಲೆ ಮುಖವನ್ನೇ ತೋರಿಸದವರಿಗೆ ಹಣ ಯಾಕೆ? ಪ್ರಶ್ನೆ ನ್ಯಾಯವಾದದ್ದೇ. ಇದು ಸದಸ್ಯರ ಚಂದಾ ಹಣ, ಲೆಕ್ಕ ಕೇಳುವ ಹಕ್ಕು ಎಲ್ಲರಿಗೂ ಇದೆ.

ಈ ಕೆಲಸ ನಮ್ಮ ಸೀಮೆಗೆ ಹೊಸದಲ್ಲ, ಹೆಸರು ಮಾತ್ರ ಹೊಸದು. ದೊಡ್ಡಾಟದಲ್ಲಿ ಸಾರಥಿ ಇರುತ್ತಾನೆ. ಪಾತ್ರ ಬಂದ ಕೂಡಲೇ ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳಿ, ಆಟವನ್ನು ಬೆಳಗಿನವರೆಗೆ ನಡೆಸಿಕೊಂಡು ಹೋಗುವವನು ಅವನೇ. ನಮ್ಮ ಕಡೆಯ ಪೌರಾಣಿಕ, ಸಾಮಾಜಿಕ ನಾಟಕಗಳಲ್ಲಿ ಹಾರ್ಮೋನಿಯಂ ಮಾಸ್ತರರು ಕಲಿಸುವುದು, ಹಾಡಿಸುವುದು, ಮರೆತ ಮಾತು ಎತ್ತಿಕೊಡುವುದು ಎಲ್ಲವನ್ನೂ ಮಾಡುತ್ತಾರೆ. ಸೀನ್ಸ್ ಬಾಡಿಗೆಗೆ ತಂದರೆ ಪರದೆ ಎಳೆಯುವವರೂ ಜೊತೆಗೇ ಬರುತ್ತಾರೆ. ಅಮೆರಿಕದ ಥಾರ್ನ್‌ಟನ್ ವೈಲ್ಡರ್ 1938ರಲ್ಲಿ ‘ಅವರ್ ಟೌನ್’ ಎಂಬ ನಾಟಕ ಬರೆದು ಸ್ಟೇಜ್ ಮ್ಯಾನೇಜರನ್ನೇ ಒಂದು ಪಾತ್ರ ಮಾಡಿ ರಂಗದ ಮೇಲೆ ನಿಲ್ಲಿಸಿದಾಗ ಅಲ್ಲಿನವರಿಗೆ ಅದು ಹೊಸ ಪ್ರಯೋಗ. ನಮ್ಮ ಸಾರಥಿಯನ್ನು ನೋಡಿದವರಿಗೆ ಅದರಲ್ಲಿ ಅಚ್ಚರಿ ಏನೂ ಇಲ್ಲ.

ಹಾಗಾದರೆ ಈಗೇಕೆ ಬೇರೆಯವರು ಬೇಕು? ಪರದೆ ಇಲ್ಲದ್ದಕ್ಕೆ. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಆಡಿಸಿದ ಮೇಲೆ ಕನ್ನಡದ ಹೊಸ ನಾಟಕಕ್ಕೆ ಬಯಲು ಮತ್ತೆ ಹತ್ತಿರವಾಯಿತು. ಬಣ್ಣದ ಪರದೆ ಇದ್ದರೆ ಅದರ ಹಿಂದೆ ಎಷ್ಟು ಗಲಾಟೆಯಾದರೂ ಮುಚ್ಚಿಹೋಗುತ್ತದೆ, ನಡುವೆ ಒಂದು ಹಾಸ್ಯದ ಸೀನು ಹಾಕಿ ಹತ್ತು ನಿಮಿಷ ತಳ್ಳಬಹುದು. ನಾವು ಆರಿಸಿರುವ ನಾಟಕದಲ್ಲಿ ಪ್ರೇಕ್ಷಕರು ಮೂರು ಕಡೆ ಕೂತಿರುತ್ತಾರೆ. ಹನ್ನೆರಡು ಜನ ನಟರು, ಪಾತ್ರಗಳು ಅದಕ್ಕಿಂತ ಹೆಚ್ಚು. ಒಂದೇ ಬಿದಿರು ಒಮ್ಮೆ ಕೋಲು, ಒಮ್ಮೆ ಬಾಗಿಲು, ಒಮ್ಮೆ ದೋಣಿಯ ಹುಟ್ಟು. ಆ ಬಿದಿರು ಎಡಗಡೆ ಇರಬೇಕಾದ ಹೊತ್ತಿಗೆ ಬಲಗಡೆ ಇದ್ದರೆ ದೃಶ್ಯವೇ ಇಲ್ಲ.

ರಂಗ ನಿರ್ವಾಹಕರ ಕೆಲಸ ಮೊದಲ ತಾಲೀಮಿನ ದಿನವೇ ಶುರುವಾಗುತ್ತದೆ. ಹಾಜರಿ, ನಿರ್ದೇಶಕರು ಇಂದು ಹೇಳಿ ನಾಳೆ ಬದಲಿಸಿದ ಚಲನೆ, ಯಾವ ಮಾತಿಗೆ ಯಾವ ಬೆಳಕು, ಎಲ್ಲಿ ಡೊಳ್ಳು, ಎಲ್ಲವೂ ಒಂದು ಪುಸ್ತಕದಲ್ಲಿ ಏರಬೇಕು. ಒಂದು ಪುಟದಲ್ಲಿ ನಾಟಕದ ಮಾತು, ಎದುರು ಪುಟದಲ್ಲಿ ಸೂಚನೆ. ಕಚೇರಿ ಕೆಲಸ ಮಾಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ: ಫೈಲಿನಲ್ಲಿ ಒಂದು ಕಡೆ ನೋಟ್ ಶೀಟು, ಇನ್ನೊಂದು ಕಡೆ ಪತ್ರವ್ಯವಹಾರ ಇದ್ದ ಹಾಗೆ. ಪರಿಕರಗಳಿಗೆ ಒಂದು ಮೇಜು. ಅದರ ಮೇಲೆ ಬಿಳಿ ಹಾಳೆ ಹಾಸಿ, ಪ್ರತಿ ವಸ್ತುವಿನ ಸುತ್ತ ಗೆರೆ ಎಳೆದು ಹೆಸರು ಬರೆಯುತ್ತಾರೆ. ಗೆರೆಯೊಳಗೆ ವಸ್ತು ಇಲ್ಲದಿದ್ದರೆ ಕತ್ತಲಲ್ಲೂ ಗೊತ್ತಾಗುತ್ತದೆ.

ಗ್ರ್ಯಾಂಡ್ ರಿಹರ್ಸಲ್ ಮುಗಿದ ಮೇಲೆ ನಾಟಕ ನಿರ್ದೇಶಕರ ಕೈಯಿಂದ ಇವರ ಕೈಗೆ ಬರುತ್ತದೆ. ಮೂರನೇ ಬೆಲ್ ಯಾವಾಗ ಎಂದು ಹೇಳುವವರು ಇವರೇ. ಸಂಬಳ ಕೊಟ್ಟು ಹೊರಗಿನವರನ್ನು ಕರೆಸುವುದಕ್ಕೆ ನಮ್ಮ ದೃಷ್ಟಿಯಲ್ಲಿ ಇದು ದೊಡ್ಡ ಕಾರಣ. ‘ಮುಖ್ಯ ಅತಿಥಿಗಳು ರಾಯದುರ್ಗ ಬಿಟ್ಟಿದ್ದಾರಂತೆ, ಇನ್ನು ಅರ್ಧ ಗಂಟೆ ತಡೀರಿ’ ಎಂದು ಹಿರಿಯರು ಒಳಗೆ ಬಂದರೆ, ಊರಿನ ಹುಡುಗ ‘ಆಗಲಿ ಮಾವ’ ಎನ್ನುತ್ತಾನೆ. ಅವನದು ತಪ್ಪಲ್ಲ, ನಾಳೆ ಅದೇ ಬೀದಿಯಲ್ಲಿ ಓಡಾಡಬೇಕು. ಕರಾರು ಪತ್ರ ಕೈಯಲ್ಲಿ ಇರುವವರು ‘ಇಲ್ಲ ಸರ್, ಹೊರಗೆ ಕೂತುಕೊಳ್ಳಿ’ ಎನ್ನಬಲ್ಲರು.

ಹವ್ಯಾಸಿ ತಂಡಕ್ಕೆ ಇಷ್ಟು ಬಿಗಿ ಬೇಕೇ ಎಂದು ಕೇಳುವವರಿಗೆ ಒಂದು ಮಾತು. ನಮ್ಮ ಜಿಲ್ಲೆಯ ತಾಡಪತ್ರಿಯಲ್ಲಿ 1880ರಲ್ಲಿ ಹುಟ್ಟಿ ಬಳ್ಳಾರಿಯಲ್ಲಿ ವಕೀಲಿ ಮಾಡಿದ ಬಳ್ಳಾರಿ ರಾಘವರೂ ಹವ್ಯಾಸಿಯೇ.

ಇನ್ನು ನಮ್ಮೂರಿಗೇ ಸೇರಿದ ಎರಡು ತೊಡಕು. ಒಂದು ಲಿಪಿ. 1953ರ ಅಕ್ಟೋಬರ್ 1ರವರೆಗೆ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ಆಂಧ್ರಕ್ಕೆ ಬಂತು. ಇವತ್ತು ನಮ್ಮ ಹನ್ನೆರಡು ನಟರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು ಐವರು. ಉಳಿದವರು ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತೆಲುಗು ಓದಿದವರು, ಕನ್ನಡದ ಮಾತನ್ನು ತೆಲುಗು ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಅದಕ್ಕೆ ನಾವು ಬೇಸರಪಡುವುದಿಲ್ಲ, ಅವರು ಬಂದಿರುವುದೇ ಸಂತೋಷ. ಆದರೆ ಮೂಲ ಪುಸ್ತಕ ಒಂದೇ ಇರಬೇಕು, ಅದು ಕನ್ನಡದಲ್ಲೇ ಇರಬೇಕು. ನಿರ್ವಾಹಕರಿಗೆ ಎರಡೂ ಲಿಪಿ ಬಂದರೆ ನಟರು ತಪ್ಪು ಬರೆದುಕೊಂಡಿದ್ದನ್ನು ಅಲ್ಲೇ ತಿದ್ದಬಹುದು. ಸೂಚನೆಯ ಮಾತಿಗೂ ಇದೇ ಎಚ್ಚರ ಬೇಕು. ‘ಲೈಟ್ ತೆಗಿ’ ಎಂದರೆ ಹಚ್ಚುವುದೋ ಆರಿಸುವುದೋ? ಬಾಗಿಲು ತೆಗೆದರೆ ತೆರೆಯುತ್ತದೆ, ಅಂಗಿ ತೆಗೆದರೆ ಹೋಗುತ್ತದೆ. ತೆಲುಗಿನ ‘ತೀಯಿ’ಗೂ ಇದೇ ರೋಗ. ಆದ್ದರಿಂದ ಸೂಚನೆಗೆಲ್ಲ ಅಂಕಿ ಕೊಟ್ಟು ‘ಆರು, ರೆಡಿ’, ‘ಆರು, ಗೋ’ ಎಂದಷ್ಟೇ ಹೇಳುವ ಪದ್ಧತಿ ಇದೆ. ‘ಗೋ’ ಎಂಬ ಶಬ್ದವನ್ನು ಆ ಹೊತ್ತಿನಲ್ಲಿ ಬೇರೆ ಯಾವುದಕ್ಕೂ ಬಳಸಬಾರದು.

ಎರಡನೆಯದು ಗಾಳಿ ಮತ್ತು ಕರೆಂಟು. ಹಗರಿಯ ಮರಳನ್ನು ಹೊಲಕ್ಕೆ ಎತ್ತಿ ಒಗೆಯುವ ಆಷಾಢದ ಗಾಳಿ ನಿಮಗೆ ಗೊತ್ತೇ ಇದೆ. ಬೆಳಕಿನ ಕಂಬಗಳನ್ನು ಹಗ್ಗದಿಂದ ಬಿಗಿದು ಬುಡಕ್ಕೆ ಮರಳಿನ ಚೀಲ ಇಡಬೇಕು (ಮರಳಿಗಂತೂ ನಮ್ಮಲ್ಲಿ ಬರವಿಲ್ಲ). ಕರೆಂಟಿನ ಲೆಕ್ಕ ಹೀಗೆ: ಸಾವಿರ ವ್ಯಾಟಿನ ಹನ್ನೆರಡು ದೀಪ ಒಮ್ಮೆಗೇ ಉರಿದರೆ 12,000 ವ್ಯಾಟು, 230 ವೋಲ್ಟಿಗೆ ಸುಮಾರು 52 ಆಂಪಿಯರು. ಪಕ್ಕದ ಮನೆಯಿಂದ ಒಂದು ವೈರು ಎಳೆದು ನಡೆಸುವ ಮಾತಲ್ಲ. ಮೂರು ಫೇಸಿಗೆ ನಾಲ್ಕು ನಾಲ್ಕು ಹಂಚಿದರೆ ಒಂದೊಂದಕ್ಕೆ ಹದಿನೇಳು ಹದಿನೆಂಟಕ್ಕೆ ಇಳಿಯುತ್ತದೆ. ನಿರ್ವಾಹಕರು ಎಲೆಕ್ಟ್ರಿಷಿಯನ್ ಆಗಿರಬೇಕಿಲ್ಲ. ಈ ಲೆಕ್ಕ ಕೇಳಿ, ಸರಿಯಿಲ್ಲದಿದ್ದರೆ ‘ಮೊದಲ ಬೆಲ್ ಹೊಡೆಯುವುದಿಲ್ಲ’ ಎನ್ನುವ ಗಟ್ಟಿತನ ಇರಬೇಕು. ಮುಂದಿನ ಸಾಲಿನಲ್ಲಿ, ಆ ಕಂಬಗಳ ಕೆಳಗೇ, ನೆಲದ ಮೇಲೆ ಕೂರುವವರು ನಮ್ಮ ಮಕ್ಕಳು.

ಆಯ್ಕೆಯಲ್ಲಿ ಸರ್ಟಿಫಿಕೇಟು ಒಂದನ್ನೇ ನೋಡುವುದಿಲ್ಲ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ, ಅಲ್ಲಿ ಕಲಿತವರು ಬಂದರೆ ಸಂತೋಷ. ಅದಕ್ಕಿಂತ ಹೆಚ್ಚಾಗಿ, 1985ರಲ್ಲಿ ಶುರುವಾದ ನೀನಾಸಂ ತಿರುಗಾಟ ಅಥವಾ ಸಾಣೇಹಳ್ಳಿಯ ಶಿವಸಂಚಾರದಲ್ಲಿ ಊರೂರು ಸುತ್ತಿದವರಿಗೆ ನಮ್ಮ ಒಲವು. ಇವತ್ತು ಒಂದೂರಿನಲ್ಲಿ ರಂಗ ಕಟ್ಟಿ, ಬಿಚ್ಚಿ, ನಾಳೆ ಮತ್ತೊಂದೂರಿನಲ್ಲಿ ಕಟ್ಟಿದವರಿಗೆ ಕಣೇಕಲ್ಲಿನ ಬಯಲು ಭಯ ಹುಟ್ಟಿಸದು.

ಬಂದವರಿಗೆ ನಾಟಕದ ನಾಲ್ಕು ಪುಟ ಕೊಟ್ಟು, ಒಂದು ಗಂಟೆಯಲ್ಲಿ ಪರಿಕರಗಳ ಪಟ್ಟಿ ಮತ್ತು ಸೂಚನೆಗಳ ಪಟ್ಟಿ ಮಾಡಿಸುತ್ತೇವೆ. ಆಮೇಲೆ ಒಂದೇ ಪ್ರಶ್ನೆ: ನಡುವೆ ಕರೆಂಟು ಹೋದರೆ ಏನು ಮಾಡುತ್ತೀರಿ? ಜನರೇಟರ್ ಎಂದು ಎಲ್ಲರೂ ಹೇಳುತ್ತಾರೆ. ಕತ್ತಲಾದ ಆ ಒಂದು ನಿಮಿಷದಲ್ಲಿ ನಟರು ಎಲ್ಲಿ ನಿಲ್ಲಬೇಕು, ಜನರಿಗೆ ಯಾರು ಏನು ಹೇಳಬೇಕು ಎಂದು ಯೋಚಿಸಿದವರು ನಮಗೆ ಬೇಕು.

ಷರತ್ತುಗಳು ಬರವಣಿಗೆಯಲ್ಲಿ ಇರುತ್ತವೆ. ಆರು ವಾರದ ತಾಲೀಮು, ಎರಡು ಪ್ರದರ್ಶನ. ಸಂಭಾವನೆ ಮೂರು ಕಂತಿನಲ್ಲಿ: ಕರಾರಿನ ದಿನ, ಗ್ರ್ಯಾಂಡ್ ರಿಹರ್ಸಲ್ ದಿನ, ಪರಿಕರಗಳನ್ನೆಲ್ಲ ಲೆಕ್ಕ ಹಾಕಿ ವಾಪಸ್ ಒಪ್ಪಿಸಿದ ದಿನ. ಊಟ, ವಸತಿ, ಬಸ್ ಚಾರ್ಜು ಸಂಘದ್ದು. ಚಹಾ ತರುವುದು, ಕುರ್ಚಿ ಹೊರುವುದು, ವೇಷದ ಬಟ್ಟೆ ಒಗೆಯುವುದು ಅವರ ಕೆಲಸವಲ್ಲವೆಂದು ಸ್ಪಷ್ಟವಾಗಿ ಬರೆಯುತ್ತೇವೆ, ಏಕೆಂದರೆ ಬರೆಯದಿದ್ದರೆ ಎರಡನೇ ವಾರದೊಳಗೆ ಅವೆಲ್ಲ ಅವರ ತಲೆಗೇ ಬೀಳುತ್ತವೆ. ನಮ್ಮ ಯುವಕ ಯುವತಿಯರಲ್ಲಿ ಇಬ್ಬರು ಸಹಾಯಕರಾಗಿ ಅವರ ಪಕ್ಕದಲ್ಲೇ ಕೂತು ಕಲಿಯಬೇಕು. ಹೆಣ್ಣುಮಕ್ಕಳು ಹೆಸರು ಕೊಟ್ಟರೆ ತಾಲೀಮಿನ ನಂತರ ಮನೆಗೆ ಬಿಟ್ಟುಬರುವ ಹೊಣೆ ಸಮಿತಿಯದು.

ಪರಿಚಯದವರಿದ್ದರೆ ದಯವಿಟ್ಟು ತಿಳಿಸಿ. ಅರ್ಜಿ ಕನ್ನಡದಲ್ಲಿ, ಸ್ವಹಸ್ತದಲ್ಲಿ ಇರಲಿ. ಅಕ್ಷರ ಮುತ್ತಿನಂತಿರಬೇಕೆಂದೇನೂ ಇಲ್ಲ, ಓದಲು ಬಂದರೆ ಸಾಕು. ಪ್ರದರ್ಶನದ ದಿನ ಅವರಿಗೆ ಜ್ವರ ಬಂದರೆ ಅವರ ಪುಸ್ತಕ ಇಟ್ಟುಕೊಂಡು ನಾಟಕ ನಡೆಸಬೇಕಾದವರು ಆ ಇಬ್ಬರು ಸಹಾಯಕರೇ.

– ಕಾರ್ಯದರ್ಶಿ