ಸಾಕಿದ ಇರುವೆಗೆ ಯಾವ ಹುಳ ಹಾಕಬೇಕು?

ಮುಂಬಯಿ: ಒಂದೂವರೆ ಕೋಣೆಯ ಬಿಡಾರದಲ್ಲಿ ನಾಯಿ, ಬೆಕ್ಕು ಸಾಕುವುದು ಮಹಾನಗರದ ಎಲ್ಲರಿಗೂ ಕೈಗೂಡುವ ಮಾತಲ್ಲ. ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕು ಮೀನು, ಬಾಲ್ಕನಿಯ ಪಂಜರದಲ್ಲಿ ಒಂದು ಜೋಡಿ ಲವ್ ಬರ್ಡ್ಸ್, ಇಷ್ಟರಲ್ಲೇ ಇಲ್ಲಿನ ಮಕ್ಕಳು ತೃಪ್ತಿಪಟ್ಟುಕೊಳ್ಳಬೇಕಾಗುತ್ತದೆ. ಈ ಸಾಲಿಗೆ ಸೇರಿರುವ ಇನ್ನೊಂದು ಜೀವಿ ಇರುವೆ. ಒಂದು ಗಾಜಿನ ನಳಿಗೆ, ಅದರ ತಳದಲ್ಲಿ ಸ್ವಲ್ಪ ನೀರು, ನೀರನ್ನು ತಡೆದಿಡಲು ಹತ್ತಿಯ ಉಂಡೆ, ಮಧ್ಯೆ ಒಂದು ರಾಣಿ ಇರುವೆ, ನಳಿಗೆಯ ಬಾಯಿಗೆ ಮತ್ತೊಂದು ಹತ್ತಿ. ಇಷ್ಟಿದ್ದರೆ ಸಂಸಾರ ಆರಂಭ. ಖರ್ಚು ಅತ್ಯಲ್ಪ, ಜಾಗವೂ ಬೇಕಿಲ್ಲ.

ಆದರೆ ಇರುವೆಗಳ ಸಂಖ್ಯೆ ಹತ್ತಾರಕ್ಕೆ ಏರುತ್ತಲೇ ಊಟದ ಪ್ರಶ್ನೆ ಎದುರಾಗುತ್ತದೆ. ‘ಇರುವೆಗೆ ಸಕ್ಕರೆ ಹಾಕಿದರೆ ಸಾಕಲ್ಲ’ ಎನ್ನುವವರೇ ಹೆಚ್ಚು. ಅದು ಅರ್ಧ ಸತ್ಯ ಮಾತ್ರ. ಸಕ್ಕರೆಯೊಂದನ್ನೇ ತಿಂದ ಗೂಡು ಬೆಳೆಯುವುದಿಲ್ಲ. ಹುಳ ಬೇಕೇ ಬೇಕು. ಯಾವ ಹುಳ ಎಂಬುದಕ್ಕಿಂತಲೂ ಆ ಹುಳ ಎಲ್ಲಿಂದ ಬಂತು ಎಂಬುದು ಮುಖ್ಯ. ಅದನ್ನು ವಿಚಾರಿಸದೆ ಹಾಕಿದ ಒಂದೇ ಒಂದು ಹುಳ ಇಡೀ ಗೂಡಿನ ನಾಶಕ್ಕೆ ಕಾರಣವಾಗಬಲ್ಲದು.

ಸಿಹಿ ದುಡಿಯುವವರಿಗೆ, ಹುಳ ಮರಿಗಳಿಗೆ

ದೊಡ್ಡ ಇರುವೆ ಗಟ್ಟಿ ಆಹಾರವನ್ನು ನುಂಗಲಾರದು. ಅದು ಹೀರುವುದು ರಸವನ್ನು ಮಾತ್ರ. ಬಾಯೊಳಗಿನ ಪುಟ್ಟ ಚೀಲವೊಂದು ಚೂರುಗಳನ್ನು ಸೋಸಿ ಹೊರಗೆ ಉಳಿಸುತ್ತದೆ. ಓಡಾಡಿ ದುಡಿಯುವ ಕೆಲಸಗಾರ ಇರುವೆಗಳಿಗೆ ಬೇಕಾದ ಶಕ್ತಿಯನ್ನು ಜೇನು ಅಥವಾ ಸಕ್ಕರೆ ನೀರು ಒದಗಿಸುತ್ತದೆ. ಬೆಳೆಯುವ ಮರಿಹುಳಗಳಿಗೆ ಮತ್ತು ಮೊಟ್ಟೆಯಿಡುವ ರಾಣಿಗೆ ಬೇಕಾಗುವುದು ಪ್ರೋಟೀನು. ಅದು ಸಿಗುವುದು ಕೀಟಗಳಿಂದ. ಅನೇಕ ಜಾತಿಗಳಲ್ಲಿ ಗಟ್ಟಿ ಚೂರುಗಳನ್ನು ಜೀರ್ಣಿಸುವ ಕೆಲಸ ಮರಿಹುಳಗಳದ್ದೇ.

ಇರುವೆಗೆ ಎರಡು ಹೊಟ್ಟೆ ಎನ್ನಬಹುದು. ಒಂದು ಸ್ವಂತದ್ದು, ಇನ್ನೊಂದು ಸಂಘದ್ದು. ಸಂಘದ ಹೊಟ್ಟೆಯಲ್ಲಿ ಶೇಖರಿಸಿದ ರಸವನ್ನು ಗೂಡಿಗೆ ಮರಳಿ ಬಾಯಿಂದ ಬಾಯಿಗೆ ಹಂಚಲಾಗುತ್ತದೆ. ಹೊರಗೆ ಹೋದ ಇರುವೆ ತಂದದ್ದು ಸ್ವಲ್ಪ ಹೊತ್ತಿನಲ್ಲೇ ಹಲವರ ಪಾಲಾಗುತ್ತದೆ. ಇರುವೆ ಸಂಸಾರದ ಬಲ ಇದೇ. ವಿಷದ ವಿಷಯಕ್ಕೆ ಬಂದರೆ ಅದರ ದೌರ್ಬಲ್ಯವೂ ಇದೇ.

ಹದಿನಾಲ್ಕು ವರ್ಷ ಬದುಕಿದ ರಾಣಿ

ಇರುವೆ ಸಾಕುವುದು ಇಂದಿನ ಮಕ್ಕಳ ಹೊಸ ಖಯಾಲಿಯಲ್ಲ. ಲಂಡನ್ನಿನ ಬ್ಯಾಂಕರ್ ಸರ್ ಜಾನ್ ಲಬ್ಬಾಕ್ ತಮ್ಮ ಮನೆಯಲ್ಲಿ ಗಾಜಿನ ಹಲಗೆಗಳ ನಡುವೆ ಇರುವೆ ಗೂಡುಗಳನ್ನು ಸಾಕಿ, ಅವುಗಳ ಬಗ್ಗೆ 1882ರಲ್ಲಿ ಗ್ರಂಥ ಪ್ರಕಟಿಸಿದ್ದರು. ಇಂಗ್ಲೆಂಡಿನ ಬ್ಯಾಂಕ್ ನೌಕರರಿಗೆ 1871ರ ಕಾಯ್ದೆಯ ಮೂಲಕ ರಜಾದಿನಗಳನ್ನು ದೊರಕಿಸಿಕೊಟ್ಟವರೂ ಇವರೇ. ಅವರು 1874ರಲ್ಲಿ ತಂದ ಒಂದು ರಾಣಿ ಇರುವೆ 1888ರವರೆಗೆ ಬದುಕಿತ್ತು. ಐದನೇ ತರಗತಿಯ ಹುಡುಗ ತಂದಿಟ್ಟ ರಾಣಿ ಅವನು ಪದವಿ ಮುಗಿಸುವವರೆಗೂ ಇರಬಹುದು ಎಂಬುದನ್ನು ಪಾಲಕರು ಮೊದಲೇ ಅರಿತಿರುವುದು ಒಳ್ಳೆಯದು.

ಮುಂಬಯಿಯಲ್ಲಿಯೂ ಇರುವೆಗಳ ಅಧ್ಯಯನಕ್ಕೆ ಹಳೆಯ ಪರಂಪರೆಯಿದೆ. 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸ್ಥಾಪಕರಲ್ಲೊಬ್ಬರಾದ ಇ. ಎಚ್. ಐಟ್ಕನ್ ಸುಂಕ ಮತ್ತು ಉಪ್ಪು ಇಲಾಖೆಯ ಅಧಿಕಾರಿಯಾಗಿ ಅಂದಿನ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡದಲ್ಲಿ ಸೇವೆ ಸಲ್ಲಿಸಿದವರು. ಅದೇ ಸೊಸೈಟಿಯ ಪತ್ರಿಕೆಯಲ್ಲಿ ಅರಣ್ಯಾಧಿಕಾರಿ ಆರ್. ಸಿ. ರಾಟನ್ 1892ರಲ್ಲಿ ಇಲ್ಲಿನ ಇರುವೆಗಳ ಕುರಿತು ಬರೆದರು. ಇಂದಿನ ಹವ್ಯಾಸಿಗಳಿಗೆ ಜಾತಿ ಗುರುತಿಸಲು ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ ಅವರು 2006ರಲ್ಲಿ ಹೊರತಂದ ದಕ್ಷಿಣ ಭಾರತದ ಇರುವೆಗಳ ಕೈಪಿಡಿ ಸಹಕಾರಿ. ಜಾತಿ ಗೊತ್ತಾದರೆ ಊಟವೂ ಗೊತ್ತಾದಂತೆ.

ಊರಿನ ಕಡೆ ಗೊದ್ದ, ಕಟ್ಟಿರುವೆ ಎಂದೆಲ್ಲ ಕರೆಯುವ ದೊಡ್ಡ ಕಪ್ಪಿರುವೆ ಮುಂಬಯಿಯ ಮರಗಳಲ್ಲೂ ಕಾಣಸಿಗುತ್ತದೆ. ಸಿಹಿಯೆಂದರೆ ಅದಕ್ಕೆ ಪ್ರಾಣ, ಜೊತೆಗೆ ಮೆತ್ತನೆಯ ಹುಳವೂ ಬೇಕು. ಹೊಸಬರಿಗೆ ಸಾಕಲು ಇದು ಸುಲಭ. ಮಾವಿನ ಎಲೆ ಹೆಣೆದು ಗೂಡು ಕಟ್ಟುವ ಕೆಂಪು ಚಗಳಿ ಬಲು ಹೊಟ್ಟೆಬಾಕ ಬೇಟೆಗಾರ, ಕಚ್ಚುವುದರಲ್ಲೂ ನಿಸ್ಸೀಮ. ಫ್ಲ್ಯಾಟಿಗೆ ಅದು ಹೇಳಿಸಿದ್ದಲ್ಲ. ಧಾನ್ಯ ಕೂಡಿಡುವ ಇರುವೆಗಳಿಗೆ ಸಣ್ಣ ಕಾಳುಗಳೇ ಮುಖ್ಯ ಆಹಾರ, ಹುಳ ಆಗೊಮ್ಮೆ ಈಗೊಮ್ಮೆ ಸಾಕು.

ಅಡುಗೆಮನೆಯ ಜಿರಳೆ ಬೇಡ

ಹುಳ ಬೇಕೆಂದಾಗ ಮುಂಬಯಿಗರ ಕೈಗೆ ಮೊದಲು ಸಿಗುವುದು ಅಡುಗೆಮನೆಯ ಜಿರಳೆ. ಪುಕ್ಕಟೆ ಸಿಗುತ್ತದೆ, ಸಿಂಕಿನ ಕೆಳಗೆ ಬೇಕಾದಷ್ಟಿದೆ. ಆದರೆ ಇದರಷ್ಟು ಅಪಾಯಕಾರಿ ಆಹಾರ ಬೇರೊಂದಿಲ್ಲ. ನಗರದ ಕಟ್ಟಡಗಳಲ್ಲಿ ಜಿರಳೆಗೆ ಹಚ್ಚುವ ಜೆಲ್ ತಕ್ಷಣ ಕೊಲ್ಲುವುದಿಲ್ಲ. ಅದನ್ನು ತಿಂದ ಜಿರಳೆ ತನ್ನ ಬಿಲಕ್ಕೆ ಮರಳಿ ಸತ್ತು, ಅದನ್ನು ಮುಟ್ಟಿದ, ತಿಂದ ಇತರ ಜಿರಳೆಗಳೂ ಸಾಯಲಿ ಎಂದೇ ಅದನ್ನು ಹಾಗೆ ತಯಾರಿಸಲಾಗಿದೆ. ಅಂಥ ಜಿರಳೆಯನ್ನು ಹಿಡಿದು ಇರುವೆಗೆ ಕೊಟ್ಟರೆ ಅದೇ ವಿಷ ಬಾಯಿಂದ ಬಾಯಿಗೆ ಹಂಚಿಹೋಗಿ ರಾಣಿಯನ್ನೂ ತಲಪುತ್ತದೆ. ನಮ್ಮ ಮನೆಯಲ್ಲಿ ಜೆಲ್ ಹಾಕಿಲ್ಲ ಎಂಬ ಸಮಾಧಾನವೂ ಸಾಲದು. ಕೊಳವೆಯ ದಾರಿಯಲ್ಲಿ ಜಿರಳೆ ಮೇಲಿನ ಮಹಡಿಯಿಂದಲೂ ಬಂದಿರಬಹುದು.

ಮಳೆಗಾಲದ ಆರಂಭದಲ್ಲಿ ಬೀದಿ ದೀಪದ ಸುತ್ತ ಮುತ್ತುವ ಮಳೆಹುಳ, ಅಂದರೆ ರೆಕ್ಕೆ ಬಂದ ಗೆದ್ದಲು, ಇರುವೆಗಳಿಗೆ ಹಬ್ಬದೂಟವಿದ್ದಂತೆ. ಮೆತ್ತಗೆ, ಕೊಬ್ಬಿನಿಂದ ತುಂಬಿರುತ್ತದೆ. ಆದರೆ ಅದೇ ದಿನಗಳಲ್ಲಿ ಮಹಾನಗರ ಪಾಲಿಕೆಯವರು ಸೊಳ್ಳೆಗಾಗಿ ಹೊಗೆ ಬಿಡುವುದುಂಟು. ಹೊಗೆ ಬಿಟ್ಟ ಆವರಣದಿಂದ ಹುಳ ಹೆಕ್ಕಿ ತರಬಾರದು. ಸೊಸೈಟಿಯ ತೋಟಕ್ಕೆ ಔಷಧ ಸಿಂಪಡಿಸಿದ್ದರೆ ಅಲ್ಲಿನ ಮಿಡತೆಗೂ ಇದೇ ನಿಯಮ. ಸತ್ತು ಬಿದ್ದಿರುವ ಹುಳವನ್ನಂತೂ ಎಂದಿಗೂ ಕೊಡಬಾರದು. ಅದು ಏತಕ್ಕೆ ಸತ್ತಿತೆಂದು ಹೇಳುವವರಾರು?

ಹಾಗಾದರೆ ಯಾವುದು ಒಳ್ಳೆಯದು?

ಮನೆಯಲ್ಲೇ ಬೆಳೆಸಿದ ಹುಳ ಎಲ್ಲಕ್ಕಿಂತ ಉತ್ತಮ. ಚಿಕ್ಕ ಗೂಡಿಗೆ ಹಣ್ಣಿನ ನೊಣ ಹೇಳಿ ಮಾಡಿಸಿದ್ದು. ಕಳಿತ ಬಾಳೆಹಣ್ಣಿನ ತುಂಡನ್ನು ಬಾಟಲಿಯಲ್ಲಿಟ್ಟರೆ ನೊಣಗಳು ತಾವಾಗಿಯೇ ಬರುತ್ತವೆ. ಬಳಿಕ ಬಾಯಿಗೆ ತೆಳು ಬಟ್ಟೆ ಕಟ್ಟಬೇಕು. 25 ಡಿಗ್ರಿ ಸೆಲ್ಸಿಯಸ್ ಸುಮಾರಿನ ಉಷ್ಣತೆಯಲ್ಲಿ ಮೊಟ್ಟೆ ನೊಣವಾಗಲು ಹೆಚ್ಚುಕಡಿಮೆ 10 ದಿನ ಸಾಕು. ಹೀಗೆ ಬಂದ ಮೊದಲ ನೊಣಗಳನ್ನು ಬಿಟ್ಟು, ಬಾಟಲಿಯಲ್ಲೇ ಹುಟ್ಟಿದ ಮುಂದಿನ ಪೀಳಿಗೆಯನ್ನು ಬಳಸಿದರೆ ವಿಷದ ಭಯ ಕಡಿಮೆ.

ಗೂಡು ದೊಡ್ಡದಾದ ಮೇಲೆ ಮೀಲ್‌ವರ್ಮ್ ಅನುಕೂಲ. ಇದು ಕರಿಯ ಹಿಟ್ಟುಜೀರುಂಡೆಯೊಂದರ ಮರಿಹುಳ. ಹಕ್ಕಿ, ಮೀನು ಸಾಕುವವರೂ ಇದನ್ನೇ ಬಳಸುತ್ತಾರೆ. ಡಬ್ಬಿಯಲ್ಲಿ ಗೋಧಿ ತೌಡು ಹಾಕಿ, ತೇವಕ್ಕೆ ಒಂದು ಹೋಳು ಗಜ್ಜರಿಯನ್ನೋ ಬಟಾಟೆಯನ್ನೋ ಇಟ್ಟರೆ ಅಲ್ಲೇ ಬೆಳೆಯುತ್ತದೆ. ಚರ್ಮ ಗಡುಸು, ಆದ್ದರಿಂದ ತುಂಡು ಮಾಡಿಯೇ ಕೊಡಬೇಕು. ಕೊಬ್ಬು ಹೆಚ್ಚಿರುವ ಕಾರಣ ದಿನಾ ಇದನ್ನೇ ಕೊಡದೆ ಬದಲಾಯಿಸುತ್ತಿರುವುದು ಲೇಸು. ರಾತ್ರಿ ಕಿರ್ರೆನ್ನುವ ಚಿಮ್ಮಂಡೆ ಮತ್ತು ಮಿಡತೆಯ ಮೈ ಮೆತ್ತಗಿದ್ದು ಮಾಂಸ ಹೆಚ್ಚು, ಸಾಕಿ ಬೆಳೆಸಿದ್ದು ಸಿಕ್ಕರೆ ಅದೂ ಶ್ರೇಷ್ಠ. ಅಕ್ಕಿ, ರವೆಯ ಡಬ್ಬಿಯಲ್ಲಿ ಸಿಗುವ ಕೆಂಚು ಜೀರುಂಡೆ ಮಾತ್ರ ಪ್ರಯೋಜನವಿಲ್ಲ. ಅದರ ಕವಚ ಗಟ್ಟಿ, ಮೈಯಿಂದ ಒಸರುವ ರಸ ಕಟು.

ಯಾವುದೇ ಹುಳವನ್ನು ಜೀವಂತವಾಗಿ ಪುಟ್ಟ ಗೂಡಿಗೆ ಬಿಡಬಾರದು. ಒದ್ದಾಡುವ ಹುಳ ಇರುವೆಗಳನ್ನೇ ಗಾಯಗೊಳಿಸೀತು. ಮೊದಲು ಫ್ರೀಜರಿನಲ್ಲಿಟ್ಟು, ನಂತರ ಕೆಲವು ಕ್ಷಣ ಕುದಿಯುವ ನೀರಿಗೆ ಅದ್ದಿ, ಒರೆಸಿ ಕೊಡುವುದು ಕ್ರಮ. ಹುಳದ ಮೈಗೆ ಅಂಟಿದ ನುಸಿಗಳು ಇದರಿಂದ ಸಾಯುತ್ತವೆ. ಆದರೆ ಕೀಟನಾಶಕ ಕುದಿಸಿದರೂ ಹೋಗದು ಎಂಬುದನ್ನು ಮರೆಯಕೂಡದು.

ಎಷ್ಟು, ಯಾವಾಗ?

ಹೊಸಬರು ಹುಳ ಹಾಕುವ ಆತುರದಲ್ಲಿರುತ್ತಾರೆ. ಆದರೆ ಗೊದ್ದದ ರಾಣಿಗೆ ಆರಂಭದಲ್ಲಿ ಏನನ್ನೂ ಕೊಡುವ ಅಗತ್ಯವಿಲ್ಲ. ರೆಕ್ಕೆ ಕಳಚಿ ಒಳಸೇರಿದ ಅದು, ಇನ್ನು ಬೇಡವಾದ ಹಾರಾಟದ ಸ್ನಾಯುಗಳನ್ನೇ ಕರಗಿಸಿ ಕೆಲವು ವಾರಗಳ ಕಾಲ ಮೊದಲ ಮಕ್ಕಳನ್ನು ಸಾಕುತ್ತದೆ. ಆಗ ಅದಕ್ಕೆ ಬೇಕಾದುದು ಕತ್ತಲೆ ಮತ್ತು ನಿಶ್ಶಬ್ದ. ಮೊದಲ ಕೆಲಸಗಾರ ಇರುವೆಗಳು ಹೊರಬಂದ ಮೇಲೆ ಒಂದು ಹನಿ ಸಕ್ಕರೆ ನೀರು, ಎರಡು ಮೂರು ದಿನಕ್ಕೊಮ್ಮೆ ಒಂದು ಹಣ್ಣಿನ ನೊಣ ಧಾರಾಳವಾಯಿತು. ಗೂಡಿನಲ್ಲಿ ಮರಿಹುಳ ಹೆಚ್ಚಿದಂತೆ ಪ್ರಮಾಣ ಏರಿಸಬೇಕು, ಮರಿಹುಳ ಇಲ್ಲದಿದ್ದರೆ ಕೀಟವೂ ಅಷ್ಟಾಗಿ ಬೇಡ. ತಿಂದುಳಿದದ್ದನ್ನು ಮರುದಿನವೇ ತೆಗೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಇಲ್ಲಿನ ತೇವ ಹವೆಯಲ್ಲಿ ಉಳಿದ ತುಣುಕಿಗೆ ಬೂಸಲು ಹಿಡಿಯಲು ಹೆಚ್ಚು ಹೊತ್ತು ಬೇಡ.

ಮನೆಯವರ ಆಕ್ಷೇಪ

ಫ್ರೀಜರಿನಲ್ಲಿ ಹುಳ ಎಂದರೆ ಅನೇಕ ಮನೆಗಳಲ್ಲಿ ತಕರಾರು ಏಳುವುದು ಸಹಜ. ಶಾಕಾಹಾರಿ ಮನೆಗಳಲ್ಲಂತೂ ಒಂದು ಜೀವಕ್ಕಾಗಿ ಇನ್ನೊಂದು ಜೀವವನ್ನು ಕೊಲ್ಲುವುದೇ ಎಂಬ ಅಜ್ಜಿಯ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಅಂಥವರು ಧಾನ್ಯ ಕೂಡಿಡುವ ಇರುವೆಯನ್ನು ಆರಿಸಿಕೊಳ್ಳಬಹುದು. ಮತ್ತೊಂದು ದಾರಿ ನಮ್ಮ ನಾಡಿನದ್ದೇ. ದೇಶದ ಹಿಪ್ಪುನೇರಳೆ ರೇಷ್ಮೆಯಲ್ಲಿ ಕರ್ನಾಟಕಕ್ಕೆ ಅಗ್ರಸ್ಥಾನ. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆ ಕೋಶಗಳು ಕೋಳಿ, ಮೀನುಗಳ ಆಹಾರವಾಗಿ ಬಳಕೆಯಾಗುತ್ತವೆ. ಸೀರೆಗಾಗಿ ಅವು ಹೇಗೂ ಪ್ರಾಣ ಬಿಟ್ಟಿವೆ. ಒಣಗಿದ ಕೋಶವನ್ನು ನೆನೆಸಿ, ಚೂರು ಮಾಡಿ ಇಟ್ಟು ನೋಡಬಹುದು. ಮುಟ್ಟದಿದ್ದರೆ ಬಲವಂತವಿಲ್ಲ, ತೆಗೆದುಬಿಡಬೇಕು. ಇದಾವುದೂ ಒಗ್ಗದು ಎನ್ನುವ ಮನೆಯಲ್ಲಿ ಇರುವೆ ಸಾಕದಿರುವುದೇ ಇರುವೆಗೂ ಹಿತ.

ಕಾನೂನಿನ ಎಚ್ಚರ

ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಿಂದ ಇರುವೆಯನ್ನಾಗಲೀ ಹುಳವನ್ನಾಗಲೀ ಹೊತ್ತು ತರುವಂತಿಲ್ಲ. ವಿದೇಶದಿಂದ ಜೀವಂತ ಕೀಟ ತರಿಸುವುದಕ್ಕೆ 2003ರ ಸಸ್ಯ ಸಂಪರ್ಕ ನಿಷೇಧ ಆದೇಶದನ್ವಯ ಅನುಮತಿ ಪತ್ರ ಬೇಕು. ಕೀನ್ಯಾದಲ್ಲಿ 2025ರಲ್ಲಿ ಸುಮಾರು 5,000 ಇರುವೆಗಳೊಂದಿಗೆ ಸಿಕ್ಕಿಬಿದ್ದ ಬೆಲ್ಜಿಯಂನ ಇಬ್ಬರು ಹದಿಹರೆಯದವರಿಗೆ ಅಲ್ಲಿನ ನ್ಯಾಯಾಲಯ ತಲಾ 10 ಲಕ್ಷ ಶಿಲ್ಲಿಂಗ್ ದಂಡ ಅಥವಾ ಒಂದು ವರ್ಷ ಜೈಲು ವಿಧಿಸಿತ್ತು. ಇರುವೆ ತಾನೇ ಎಂದು ಹಗುರವಾಗಿ ಕಾಣುವ ಕಾಲ ಇದಲ್ಲ.

ನಮ್ಮ ಸಂಘ-ಸಂಸ್ಥೆಗಳ ಮಕ್ಕಳ ಶಿಬಿರಗಳಲ್ಲಿ ಚಿತ್ರಕಲೆ, ಭಜನೆ, ಯಕ್ಷಗಾನದ ಜೊತೆಗೆ ಇಂಥ ಹವ್ಯಾಸಕ್ಕೂ ಅರ್ಧ ತಾಸು ಮೀಸಲಿಟ್ಟರೆ ಮಕ್ಕಳು ಸಂತೋಷದಿಂದ ಕಲಿಯುವುದರಲ್ಲಿ ಸಂಶಯವಿಲ್ಲ. ಈಗಾಗಲೇ ಮನೆಯಲ್ಲಿ ಇರುವೆ ಗೂಡು ಇರುವವರು ಒಂದು ಕೆಲಸವನ್ನು ಇಂದೇ ಮಾಡಬಹುದು. ಸೊಸೈಟಿಯಲ್ಲಿ ಪೆಸ್ಟ್ ಕಂಟ್ರೋಲ್‌ನವರು ಬರುವ ದಿನಾಂಕವನ್ನು ಕಾರ್ಯದರ್ಶಿಯವರಲ್ಲಿ ವಿಚಾರಿಸಿಕೊಂಡು, ಆ ದಿನ ನಳಿಗೆಯನ್ನೂ ಹುಳದ ಡಬ್ಬಿಯನ್ನೂ ಔಷಧ ಹೊಡೆಯದ ಬೇರೊಂದು ಮನೆಗೆ ಸಾಗಿಸುವ ಏರ್ಪಾಡು ಮಾಡಿಕೊಳ್ಳುವುದು ಕ್ಷೇಮ.