ತುರ್ತು ವಿಭಾಗದ ದಾದಿಯರ ನೈಪುಣ್ಯ: ಅಳೆಯುವುದೆಂತು, ಉಳಿಸುವುದೆಂತು?

ಅಪರಾತ್ರಿಯಲ್ಲಿ ರೋಗಿಯನ್ನು ತುರ್ತು ವಿಭಾಗಕ್ಕೆ ಕರೆತಂದಾಗ ಅವನ ನಾಡಿಯನ್ನು ಮೊದಲು ಹಿಡಿಯುವ ಕೈ ಬಹುಮಟ್ಟಿಗೆ ದಾದಿಯದು. ವೈದ್ಯರು ಬರುವವರೆಗಿನ ಕೆಲವು ನಿಮಿಷಗಳಲ್ಲಿ ಅವಳ ವಿವೇಚನೆಯೇ ಅವನಿಗೆ ಆಸರೆ. ಆದುದರಿಂದ ಅವಳ ನೈಪುಣ್ಯವನ್ನು ಪರೀಕ್ಷಿಸಿ ಕಾಪಾಡುವ ಪ್ರಶ್ನೆಯು ಆಸ್ಪತ್ರೆಗಳಿಗೆ ಮಾತ್ರ ಸೇರಿದುದಲ್ಲ. ಚೆನ್ನೈಯಲ್ಲಿ ನೆಲೆಸಿರುವ ನಮ್ಮೆಲ್ಲರಿಗೂ ಸೇರಿದುದು.

ಈ ನಗರಕ್ಕೆ ಈ ವಿಷಯದಲ್ಲಿ ಹಿರಿಯ ಪರಂಪರೆಯುಂಟು. 1664ರಲ್ಲಿ ಸೇಂಟ್ ಜಾರ್ಜ್ ಕೋಟೆಯಲ್ಲಿ ಆರಂಭವಾದ ಜನರಲ್ ಆಸ್ಪತ್ರೆಯು 1871ರಷ್ಟು ಹಿಂದೆಯೇ ದಾದಿಯರ ಶಿಕ್ಷಣಕ್ಕೆ ತೊಡಗಿತು. 1926ರ ಮದರಾಸು ಶಾಸನವು ದಾದಿಯರ ನೋಂದಣಿಗೆ ಕಾನೂನಿನ ಆಧಾರ ಒದಗಿಸಿತು. ಆದರೆ ನೋಂದಣಿಯು ಅಂದಿನ ಅರ್ಹತೆಗೆ ಸಾಕ್ಷಿಯೇ ಹೊರತು ಇಂದಿನ ಸಾಮರ್ಥ್ಯಕ್ಕಲ್ಲ. ಐದು ವರ್ಷಗಳಿಗೊಮ್ಮೆ ನವೀಕರಣ, ಅದಕ್ಕಾಗಿ 150 ಗಂಟೆಗಳ ಮುಂದುವರಿದ ಶಿಕ್ಷಣ ಎಂಬ ಕ್ರಮವನ್ನು ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದುದು ಯೋಗ್ಯವೇ ಸರಿ.

ಆದಾಗ್ಯೂ ಉಪನ್ಯಾಸ ಕೇಳಿದ ಗಂಟೆಗಳು ಕೈಯ ಕುಶಲತೆಯಾಗಲಾರವು. ತಿಳಿದಿರುವುದು, ವಿಧಾನವನ್ನು ಬಲ್ಲದ್ದು, ಮಾಡಿ ತೋರಿಸುವುದು, ನಿತ್ಯದ ಕೆಲಸದಲ್ಲಿ ಮಾಡುವುದು ಎಂದು ನಾಲ್ಕು ಮೆಟ್ಟಿಲುಗಳನ್ನು ವೈದ್ಯಶಿಕ್ಷಣತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ವಿಂಗಡಿಸಿದರು. ಲಿಖಿತ ಪರೀಕ್ಷೆಯು ಕೆಳಗಿನ ಎರಡನ್ನಷ್ಟೇ ಮುಟ್ಟುತ್ತದೆ. ನಿಂತ ಹೃದಯವನ್ನು ಪುನಶ್ಚೇತನಗೊಳಿಸಲು ವಯಸ್ಕರ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತಬೇಕೆಂದು ಬರೆಯುವುದು ಸುಲಭ. ಅಭ್ಯಾಸವಿಲ್ಲದಿದ್ದರೆ ಕೆಲವೇ ತಿಂಗಳುಗಳಲ್ಲಿ ಕೈ ಅದನ್ನು ಮರೆಯುತ್ತದೆ. ವರ್ಷಕ್ಕೊಮ್ಮೆ ನಡೆಸುವ ದೀರ್ಘ ಶಿಬಿರಕ್ಕಿಂತ ಬೊಂಬೆಯ ಮೇಲೆ ಆಗಾಗ್ಗೆ ಮಾಡುವ ಅಲ್ಪಕಾಲದ ಅಭ್ಯಾಸವೇ ಮೇಲು.

ರೋಗಿಗಳನ್ನು ಕೆಂಪು, ಹಳದಿ, ಹಸಿರು ಎಂದು ವರ್ಗೀಕರಿಸುವ ಕಾರ್ಯವಂತೂ ಇನ್ನೂ ಸೂಕ್ಷ್ಮ. ದಾದಿಯು ಕೊಟ್ಟ ಬಣ್ಣವನ್ನೂ ರೋಗಿಗೆ ಮುಂದೆ ಆದುದನ್ನೂ ಹಿರಿಯ ದಾದಿಯರೊಡನೆ ಹೋಲಿಸಿ ನೋಡುವುದೇ ಇಲ್ಲಿ ನಿಜವಾದ ಪರೀಕ್ಷೆ. ಕನ್ನಡವೊಂದನ್ನೇ ಬಲ್ಲ ವೃದ್ಧೆಯೊಬ್ಬಳು "ಎದೆ ಉರಿ" ಎಂದಾಗ ಅದು ಅಜೀರ್ಣವೋ ಹೃದಯಾಘಾತವೋ ಎಂದು ಸಂದೇಹಿಸಿ ಕೇಳಬಲ್ಲ ಜಾಗರೂಕತೆಯೂ ನೈಪುಣ್ಯದ ಅಂಗವೇ.

ಪರೀಕ್ಷೆಯು ದಂಡನೆಯ ಸಾಧನವಾಗಕೂಡದು. ತಪ್ಪಿಗೆ ಶಿಕ್ಷೆಯೇ ಕಾದಿದ್ದರೆ ತಪ್ಪು ಮರೆಯಾಗುತ್ತದೆ. ಮರೆಯಾದ ತಪ್ಪು ಮರುಕಳಿಸುತ್ತದೆ. ರಾತ್ರಿಪಾಳಿ ಮುಗಿಸಿ ದಣಿದವಳನ್ನು ತರಬೇತಿಗೆ ಕೂರಿಸುವುದೂ ನ್ಯಾಯವಲ್ಲ. ಕಲಿಕೆಯ ವೇಳೆಯನ್ನು ಕರ್ತವ್ಯದ ವೇಳೆಯೆಂದೇ ಎಣಿಸಬೇಕು. ಅದಕ್ಕೆ ತಕ್ಕಷ್ಟು ದಾದಿಯರನ್ನು ನೇಮಿಸಬೇಕು. ಈ ವೆಚ್ಚಕ್ಕೆ ಹಿಂಜರಿದರೆ ಅದರ ಬೆಲೆಯನ್ನು ತೆರುವವನು ರೋಗಿ.