ಕೆಸರು ಗದ್ದೆಯ ಉಲ್ಲಂಕಿ

ಕೊಯ್ಲಾದ ಬೈಲುಗದ್ದೆಯ ಅಂಚಿನ ಮೇಲೆ ಹೋಗುವಾಗ ಕಾಲ ಬುಡದಿಂದಲೇ ಕರ್ಕಶವಾಗಿ ಕೂಗಿ, ಅಂಕುಡೊಂಕಾಗಿ ಹಾರಿಹೋಗುವ ಹಕ್ಕಿಯನ್ನು ನಮ್ಮ ಸದಸ್ಯರಲ್ಲಿ ಅನೇಕರು ಕಂಡಿರುತ್ತಾರೆ. ಅದೇ ಉಲ್ಲಂಕಿ. ಹಿಂದೆ ಎಸ್ಟೇಟಿನ ದೊರೆಗಳು 'ಸ್ನೈಪ್' ಎಂದು ಕೋವಿ ಹಿಡಿದು ಬೆನ್ನಟ್ಟುತ್ತಿದ್ದುದು ಇದನ್ನೇ. ಈಗ ಇದರ ಬೇಟೆ ಅಪರಾಧ.

ಗಾತ್ರ ಹೆಚ್ಚುಕಡಿಮೆ ಮೈನಾದಷ್ಟು. ಕೊಕ್ಕು ಮಾತ್ರ ಎರಡು ಅಂಗುಲಕ್ಕೂ ಉದ್ದ, ನೆಟ್ಟಗೆ. ಒಣಹುಲ್ಲಿನ ಬಣ್ಣದ ಬೆನ್ನಿನ ಮೇಲೆ ಹಳದಿ ಗೀರುಗಳಿರುವುದರಿಂದ ಕೂಳೆಯ ನಡುವೆ ಕುಳಿತರೆ ಕಾಣುವುದೇ ಇಲ್ಲ. ಕೊಕ್ಕಿನ ತುದಿ ಮೆತ್ತಗಿದ್ದು, ಕೆಸರಿನೊಳಗೇ ತೆರೆದು ಎರೆಹುಳು, ಕೀಟದ ಮರಿಗಳನ್ನು ಹಿಡಿಯುತ್ತದೆ. ಭತ್ತದ ತಂಟೆಗೆ ಬರುವ ಹಕ್ಕಿಯಲ್ಲ. ಮಣ್ಣು ಗಟ್ಟಿಯಾದರೆ ಕೊಕ್ಕು ಇಳಿಯದು, ಆಗ ಜಾಗ ಬಿಡುತ್ತದೆ.

ಚಳಿಗಾಲದಲ್ಲಿ ನಮ್ಮಲ್ಲಿಗೆ ಬರುವವು ಮುಖ್ಯವಾಗಿ ಎರಡು ಬಗೆ. ಹಾರುವಾಗ ರೆಕ್ಕೆಯ ಹಿಂದಂಚಿನಲ್ಲಿ ಬಿಳಿ ಪಟ್ಟಿ ಸ್ಪಷ್ಟವಾಗಿ ಕಂಡರೆ ಸಾಮಾನ್ಯ ಉಲ್ಲಂಕಿ; ಕಾಣದಿದ್ದರೆ ಬಹುಶಃ ಸೂಜಿಬಾಲದ್ದು. ಇದರ ಬಾಲದ ಪಕ್ಕದ ಗರಿಗಳು ಗುಂಡುಸೂಜಿಯಂತೆ ಸಪುರ. ಸೈಬೀರಿಯದ ಕಡೆ ಮರಿಮಾಡಿ, ಮಳೆಗಾಲದ ಕೊನೆಗೆ ಇಳಿದು, ಏಪ್ರಿಲ್ ಹೊತ್ತಿಗೆ ಮರಳುತ್ತವೆ.

ಇವುಗಳೊಡನೆ ಗೊಂದಲವಾಗುವುದು ಬಣ್ಣದ ಉಲ್ಲಂಕಿ. ಹೆಸರೊಂದೇ, ಕುಲ ಬೇರೆ. ಕಣ್ಣಿನ ಸುತ್ತ ಬಿಳಿ ಮಚ್ಚೆ, ಹೆಗಲ ಮೇಲೆ ಬಿಳಿ ಪಟ್ಟಿ. ಕಾಲು ಜೋತುಬಿಟ್ಟು ನಿಧಾನವಾಗಿ ಹಾರುತ್ತದೆ. ಇದು ಈ ದೇಶದಲ್ಲೇ ಗೂಡುಕಟ್ಟುತ್ತದೆ. ಇಲ್ಲಿ ಹೆಣ್ಣಿಗೇ ಬಣ್ಣ ಹೆಚ್ಚು. ಕಾವು ಕೂರುವುದೂ ಮರಿ ಸಾಕುವುದೂ ಗಂಡಿನ ಪಾಲು. (ನಮ್ಮ ಮನೆಗಳಲ್ಲಿ ಇದನ್ನು ಓದಿ ಹೇಳದಿರುವುದೇ ಕ್ಷೇಮ.)

ಗದ್ದೆಗೆ ಅಡಿಕೆ ಹಾಕಬೇಡಿರೆಂದು ಹೇಳುವ ಮುಖ ನಮಗಿಲ್ಲ. ಆಳಿಲ್ಲದೆ, ನಾಟಿಯ ಖರ್ಚೂ ಹುಟ್ಟದೆ ನಾವೂ ಹಾಕಿದವರೇ. ಆದರೆ ಒರತೆ ಇರುವ ಜೌಗು ಮೂಲೆಯ ಮಾತು ಬೇರೆ. ಅಲ್ಲಿ ಬಸಿಗಾಲುವೆ ಸರಿಯಾಗಿಲ್ಲದಿದ್ದರೆ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಗಿಡ ಹಳದಿಗಟ್ಟುತ್ತದೆ. ನೀರು ನಿಲ್ಲುವ ಆ ನಾಲ್ಕು ಗುಂಟೆಯೇ ಉಲ್ಲಂಕಿಗೆ ಬೇಕಾದದ್ದು. ಅದನ್ನು ಹಾಗೇ ಬಿಟ್ಟರೆ ಕಾಲುವೆಯ ಕೂಲಿಯಾದರೂ ಉಳಿಯುತ್ತದೆ. ಬೇಸಗೆಯಲ್ಲಿ ದನಕ್ಕೆ ಹಸಿಹುಲ್ಲೂ ಅಲ್ಲೇ ಸಿಗುತ್ತದೆ.

ಈ ಸಲ ಯಾರ ಗದ್ದೆಯಲ್ಲಾದರೂ ಉಲ್ಲಂಕಿ ಎದ್ದರೆ ತಾರೀಖು, ಜಾಗ, ರೆಕ್ಕೆಯಂಚಿನ ಬಣ್ಣ ಗುರುತು ಹಾಕಿಕೊಂಡು, ಗೊಬ್ಬರಕ್ಕೆ ಬಂದಾಗ ಸಂಘದ ಕಚೇರಿಯಲ್ಲಿ ಬರೆಸಿ ಹೋಗಬೇಕಾಗಿ ಕೋರುತ್ತೇವೆ.